ದಿಲ್ಲಿ ಚಳಿಯಲ್ಲಿ ಬೈಕ್ ಸವಾರಿ: ಮನೆಯಲ್ಲೇ ಹೊಲಿದುಕೊಳ್ಳಬಹುದಾದ ಬಿಸಿ ಜಾಕೆಟ್

ಹೊಸದಿಲ್ಲಿ: ನವೆಂಬರ್ ತಿಂಗಳ ರಾಜ್ಯೋತ್ಸವದ ಸಂಭ್ರಮ ಮುಗಿಯುತ್ತಿದ್ದಂತೆ ರಾಜಧಾನಿಯ ಕನ್ನಡಿಗರ ಮಾತುಕತೆಯೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಅದು ಚಳಿ. ಉಡುಪಿ, ಮಂಗಳೂರು, ರಾಯಚೂರು, ಕಲಬುರಗಿ ಕಡೆಯಿಂದ ಉದ್ಯೋಗಕ್ಕೆಂದು ಬಂದವರಿಗೆ ಇಲ್ಲಿನ ಮೊದಲ ಜನವರಿ ಮರೆಯುವಂಥದ್ದಲ್ಲ. ಊರಿನಲ್ಲಿ ಇಬ್ಬನಿ ಬಿದ್ದ ಬೆಳಗನ್ನೇ ಚಳಿ ಎಂದುಕೊಂಡು ಬೆಳೆದವರು ನಾವು. ಇಲ್ಲಿನ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2006ರ ಜನವರಿ 8ರಂದು ಉಷ್ಣಾಂಶ 0.2 ಡಿಗ್ರಿಗೆ ಇಳಿದಿತ್ತು. 2021ರ ಹೊಸ ವರ್ಷದ ಮೊದಲ ದಿನ 1.1 ಡಿಗ್ರಿ ದಾಖಲಾಯಿತು. 2019ರ ಡಿಸೆಂಬರ್ 30ರಂದಂತೂ ನಡು ಹಗಲಿನಲ್ಲೇ 9.4 ಡಿಗ್ರಿ ದಾಟಲಿಲ್ಲ.

ಕಾರಿನಲ್ಲಿ, ಮೆಟ್ರೋದಲ್ಲಿ ಓಡಾಡುವವರಿಗೆ ಇವು ಬರೀ ಅಂಕಿಗಳು. ಬೆಳಗಿನ ಪಾಳಿಗೆ ನೋಯ್ಡಾಕ್ಕೆ ಹೋಗುವ, ರಾತ್ರಿ ಪಾಳಿ ಮುಗಿಸಿ ಗುರುಗ್ರಾಮದಿಂದ ಮರಳುವ, ಹೋಟೆಲ್ ಬಾಗಿಲು ತೆರೆಯಲು ನಸುಕಿನ ಐದಕ್ಕೇ ಬೈಕ್ ಹತ್ತುವ ನಮ್ಮ ಹುಡುಗರ ಪಾಡು ಬೇರೆ. ಗಾಳಿ ಬಡಿದಾಗ ಮೈಗೆ ತಾಗುವ ಚಳಿಯನ್ನು ಲೆಕ್ಕ ಹಾಕಲು ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಲ್ಲಿ ಹೊಸ ಸೂತ್ರವೊಂದನ್ನು ಜಾರಿಗೆ ತಂದವು. ಅದರ ಪ್ರಕಾರ 5 ಡಿಗ್ರಿ ಚಳಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸುಮಾರು ಸೊನ್ನೆಗಿಂತ 2 ಡಿಗ್ರಿ ಕೆಳಗಿನ ಚಳಿಯಂತೆ ಅನಿಸುತ್ತದೆ. ಬೈಕಿನ ಮೇಲೆ ಕುಳಿತವನಿಗೆ ಗಾಳಿ ಬೀಸಬೇಕೆಂದಿಲ್ಲ, ಅವನ ವೇಗವೇ ಗಾಳಿ.

ನಡುಗುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮೈ ತಣ್ಣಗಾಗತೊಡಗಿದರೆ ದೇಹ ತನ್ನ ಶಾಖವನ್ನು ಎದೆ, ಹೊಟ್ಟೆಯ ಭಾಗಕ್ಕೆ ಉಳಿಸಿಕೊಂಡು ಕೈಕಾಲುಗಳ ತುದಿಗೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುವುದು ಹೀಗೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡ ಮಾಡಿದರೂ 50 ಕಿಲೋಮೀಟರ್ ವೇಗದಲ್ಲಿ ಬೈಕ್ 7 ಮೀಟರ್ ಮುಂದೆ ಹೋಗಿರುತ್ತದೆ. ಮಂಜು ಮುಸುಕಿದ ರಿಂಗ್ ರೋಡಿನಲ್ಲಿ ಎದುರಿನ ಟ್ರಕ್ಕಿನ ಹಿಂದೀಪ ಕಾಣಿಸುವುದೇ ತಡವಾಗಿ. ಅಲ್ಲಿ ಈ 7 ಮೀಟರ್ ಎಷ್ಟು ದೊಡ್ಡದೆಂದು ಸವಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದಲೇ ಕೈ ಬೆಚ್ಚಗಿರಬೇಕಾದರೆ ಮೊದಲು ಎದೆ, ಬೆನ್ನು ಬೆಚ್ಚಗಿರಬೇಕು. ಬಿಸಿ ಗ್ಲೌಸ್ ಕೊಳ್ಳಲು ಓಡುವ ಮುನ್ನ ಬಿಸಿ ಜಾಕೆಟ್ ಬಗ್ಗೆ ಯೋಚಿಸಬೇಕೆಂದು ಈ ಬರಹಗಾರನ ಅಭಿಪ್ರಾಯ. ಕೈಗೆ ಗಾಳಿ ತಾಗದಂತೆ ಇಲ್ಲಿನ ರಸ್ತೆ ಬದಿಯಲ್ಲೇ ಮಾರುವ ಹ್ಯಾಂಡಲ್ ಕವರ್ ಸಾಕಷ್ಟು ಕೆಲಸ ಮಾಡುತ್ತದೆ. ಎದೆಗೆ ಅಂಗಿಯೊಳಗೆ ಮಡಚಿದ ಪತ್ರಿಕೆ ಇಟ್ಟುಕೊಳ್ಳುವ ಹಳೆಯ ಉಪಾಯವೂ ಸುಳ್ಳಲ್ಲ, ಕಾಗದ ಗಾಳಿಯನ್ನು ತಡೆಯುತ್ತದೆ. ಕನ್ನಡ ಪತ್ರಿಕೆಯಾದರೆ ಆಫೀಸ್ ತಲುಪಿದ ಮೇಲೆ ಓದಲೂಬಹುದು! ಆದರೆ ಸ್ವೆಟರ್, ಪತ್ರಿಕೆ, ಶಾಲು ಇವೆಲ್ಲ ಇರುವ ಶಾಖವನ್ನು ಹಿಡಿದಿಡುತ್ತವೆಯೇ ಹೊರತು ಹೊಸದಾಗಿ ಶಾಖ ಕೊಡುವುದಿಲ್ಲ. ಒಂದು ಗಂಟೆಯ ಸವಾರಿಗೆ ಅಷ್ಟು ಸಾಲದು.

ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಸಿಬ್ಬಂದಿ ವಿಮಾನದ 24 ವೋಲ್ಟ್ ವಿದ್ಯುತ್ತಿಗೆ ಜೋಡಿಸಿಕೊಳ್ಳುವ ಉಡುಪು ಧರಿಸುತ್ತಿದ್ದರು. 1970ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಗಾರ್ಡನ್ ಗೆರ್ಬಿಂಗ್ ಅದನ್ನು ಬೈಕ್ ಸವಾರರಿಗೆ ಒಗ್ಗಿಸಿ ದೊಡ್ಡ ಉದ್ಯಮವನ್ನೇ ಕಟ್ಟಿದರು. ವಿದೇಶದಿಂದ ತರಿಸುವ ಅಂಥ ಜಾಕೆಟ್‌ಗಳ ಬೆಲೆ ನಮ್ಮ ಹುಡುಗರ ಕೈಗೆ ಎಟಕುವಂಥದ್ದಲ್ಲ. ಆದರೆ ಅದರೊಳಗೆ ಇರುವುದು ಬಟ್ಟೆ, ತಂತಿ ಮತ್ತು ಶಾಲೆಯಲ್ಲಿ ಕಲಿತ ಓಮ್‌ನ ನಿಯಮ, ಇಷ್ಟೇ.

ಮೊದಲು ಬೈಕನ್ನು ಕೇಳಿ

ಸೂಜಿ ದಾರ ಹಿಡಿಯುವ ಮುನ್ನ ನಮ್ಮ ಬೈಕ್ ಎಷ್ಟು ವಿದ್ಯುತ್ ಕೊಡಬಲ್ಲದೆಂದು ತಿಳಿಯಬೇಕು. ಒಂದು ಜಾಕೆಟ್ ಚೆನ್ನಾಗಿ ಬೆಚ್ಚಗಾಗಲು ಸುಮಾರು 40 ವ್ಯಾಟ್ ಬೇಕು. ಎಂಜಿನ್ ಓಡುವಾಗ ಬ್ಯಾಟರಿ ತುದಿಯಲ್ಲಿ 13.5 ವೋಲ್ಟ್ ಇದೆ ಎಂದಿಟ್ಟುಕೊಂಡರೆ ಅದು 3 ಆಂಪಿಯರ್ ಎಳೆಯುತ್ತದೆ. 350 ಸಿಸಿ ಮೇಲ್ಪಟ್ಟ ಬೈಕ್‌ಗಳಿಗೆ ಸಾಮಾನ್ಯವಾಗಿ ಇದು ಹೊರೆಯಾಗದು. ಪೇಟೆಯಲ್ಲಿ ಹೆಚ್ಚಾಗಿ ಓಡುವ 100, 125 ಸಿಸಿ ಬೈಕ್‌ಗಳ ಮಾತು ಬೇರೆ. ಅವುಗಳ ಬ್ಯಾಟರಿಯೇ 3ರಿಂದ 5 ಆಂಪಿಯರ್-ಅವರ್. ಎಂಜಿನ್ ತುಂಬಿಕೊಡುವುದಕ್ಕಿಂತ ಹೆಚ್ಚು ಎಳೆದರೆ ಒಂದೆರಡು ಗಂಟೆಯಲ್ಲಿ ಬ್ಯಾಟರಿ ಖಾಲಿ.

ಇದನ್ನು ಪರೀಕ್ಷಿಸುವುದು ಸುಲಭ. ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದು, ಎಂಜಿನ್ ಓಡಿಸಿ, ಹೆಡ್‌ಲೈಟ್ ಉರಿಯುತ್ತಿರುವಾಗ 35 ವ್ಯಾಟಿನ ಹಳೆಯ ಹ್ಯಾಲೊಜೆನ್ ಬಲ್ಬೊಂದನ್ನು ಹೆಚ್ಚುವರಿಯಾಗಿ ಜೋಡಿಸಿ ನೋಡಿ. ಸವಾರಿಯ ವೇಗಕ್ಕೆ ಎಂಜಿನ್ ಏರಿಸಿದಾಗಲೂ ವೋಲ್ಟೇಜ್ 13ರ ಮೇಲೆ ನಿಲ್ಲದಿದ್ದರೆ ಆ ಬೈಕ್‌ಗೆ ಈ ಜಾಕೆಟ್ ಬೇಡ. ಅಂಥವರಿಗೂ, ಸ್ಕೂಟರ್ ಸವಾರರಿಗೂ ಬೇರೆ ದಾರಿಯಿದೆ, ಅದನ್ನು ಮುಂದೆ ಹೇಳಿದೆ.

ತಂತಿಯ ಲೆಕ್ಕ

13.5 ವೋಲ್ಟ್‌ಗೆ 3 ಆಂಪಿಯರ್ ಹರಿಯಬೇಕಾದರೆ ತಂತಿಯ ಒಟ್ಟು ರೋಧ 4.5 ಓಮ್ ಇರಬೇಕು. ಇದಕ್ಕೆ ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ತಂತಿ ಬೇಡ, ಅದು ಬಾಗಿ ಬಾಗಿ ಮುರಿಯುತ್ತದೆ. ಮೋಟರ್ ಸುತ್ತುವ ಎನಾಮಲ್ ತಂತಿಯೂ ಬೇಡ, ಉಡುಪಿನ ಮಡಿಕೆಗಳಲ್ಲಿ ಅದರ ಲೇಪನ ಬಿರುಕು ಬಿಡುತ್ತದೆ. ಬೇಕಾದದ್ದು ಟೆಫ್ಲಾನ್ ಹೊದಿಕೆಯ, ಅನೇಕ ಎಳೆಗಳ ಸಣ್ಣ ತಾಮ್ರದ ವಯರ್. ಕೆಂಪುಕೋಟೆ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ವಿಚಾರಿಸಿ. ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಇದ್ದೇ ಇವೆ. ಮುಂಬಯಿ ಬಂಧುಗಳಿಗೆ ಇದರ ಅಗತ್ಯ ಬೀಳುವುದು ಹಿಮಾಲಯಕ್ಕೆ ಬೈಕ್ ಯಾತ್ರೆ ಹೊರಟಾಗ ಮಾತ್ರ ಎನ್ನಿ!

ಇಲ್ಲೊಂದು ಎಚ್ಚರ ಅಗತ್ಯ. ಅಂಗಡಿಯವನು 30 ಗೇಜ್ ಎಂದರೆ ಯಾವ ಗೇಜ್ ಎಂದು ಕೇಳಬೇಕು. ಅಮೆರಿಕನ್ ಅಳತೆಯ 30 ಗೇಜ್ ತಾಮ್ರಕ್ಕೆ ಮೀಟರಿಗೆ ಸುಮಾರು 0.34 ಓಮ್ ರೋಧ, 13.3 ಮೀಟರ್ ತೆಗೆದುಕೊಂಡರೆ ನಮ್ಮ 4.5 ಓಮ್ ಸಿಗುತ್ತದೆ. ನಮ್ಮ ದೇಶದ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯ 30 ಗೇಜ್ ಅದಕ್ಕಿಂತ ದಪ್ಪ, ಮೀಟರಿಗೆ 0.22 ಓಮ್ ಮಾತ್ರ. ಅದೇ ಉದ್ದದ ಆ ತಂತಿ 60 ವ್ಯಾಟಿಗಿಂತ ಹೆಚ್ಚು ಎಳೆದು ಮೈ ಸುಡಬಹುದು. ಹೆಸರನ್ನು ನಂಬದೆ ಮೀಟರಿನಲ್ಲಿ ಅಳೆದೇ ಕತ್ತರಿಸಿ. ಅಳೆಯುವ ಮುನ್ನ ಮೀಟರಿನ ಎರಡೂ ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕಳೆಯುವುದು ಒಳ್ಳೆಯದು. ಇಷ್ಟು ಸಣ್ಣ ರೋಧದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಹೊಲಿಗೆಗೆ ತೋಳಿಲ್ಲದ, ಮೈಗೆ ಹತ್ತಿರ ಕೂರುವ ಜಾಕೆಟ್ ಸಾಕು. ಅದರ ಒಳಮೈಗೆ ದಪ್ಪ ಹತ್ತಿ ಬಟ್ಟೆಯ ಒಂದು ಪದರ ಕತ್ತರಿಸಿಕೊಂಡು, ಸೀಮೆಸುಣ್ಣದಲ್ಲಿ ಒಂದೊಂದು ಅಂಗುಲ ಅಂತರಕ್ಕೆ ಗೆರೆ ಎಳೆಯಿರಿ. ಬೆನ್ನಿಗೆ 30 ಸೆಂಟಿಮೀಟರ್ ಉದ್ದದ 16 ಸಾಲು, ಎದೆಯ ಎರಡು ಬದಿಗೆ 20 ಸೆಂಟಿಮೀಟರಿನ 14 ಸಾಲು, ಕುತ್ತಿಗೆಪಟ್ಟಿಗೆ ನಾಲ್ಕು ಸಾಲು. ಉಳಿದ ಒಂದು ಮೀಟರಿನಷ್ಟು ಒಂದು ಭಾಗದಿಂದ ಇನ್ನೊಂದಕ್ಕೆ ಹಾಯಿಸಲು. ತಂತಿಯನ್ನು ಹಾವಿನ ನಡಿಗೆಯಂತೆ ಹಾಸಿ, ಅದರ ಮೇಲಿನಿಂದ ದಾರ ಹಾಯಿಸಿ ಕೈಹೊಲಿಗೆ ಹಾಕಬೇಕು, ಸೂಜಿ ಹೊದಿಕೆಗೆ ಚುಚ್ಚಬಾರದು. ತಂತಿಯ ಮೇಲೆ ತಂತಿ ಹಾಯಬಾರದು, ಎಲ್ಲಿಯೂ ಗಂಟಾಗಬಾರದು. ಗಂಟಾದಲ್ಲಿ ಶಾಖವೂ ಗಂಟಾಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುವುದರಿಂದ ಒಳಗಿನ ಪದರಕ್ಕೆ ಅದನ್ನು ಬಳಸದಿರುವುದೇ ಲೇಸು. ಎರಡು ಸಂಜೆಯ ಕೆಲಸ. ಮನೆಯಲ್ಲಿ ಅತ್ತಿಗೆಯೋ ಅಕ್ಕನೋ ಹೊಲಿಗೆ ಬಲ್ಲವರಿದ್ದರೆ ಒಂದೇ ಸಂಜೆ.

ಫ್ಯೂಸ್ ಎಲ್ಲಿ?

ವಿದ್ಯುತ್ ಕೆಲಸದಲ್ಲೇ ತಲೆ ಹಣ್ಣಾದ ಹಿರಿಯ ಕನ್ನಡಿಗರೊಬ್ಬರ ಬಳಿ ಯುವಕನೊಬ್ಬ ತಾನು ಮಾಡಿದ ಜಾಕೆಟ್ ತೋರಿಸಲು ತಂದಿದ್ದ. ಅವರು ತಂತಿಯನ್ನಾಗಲೀ ಹೊಲಿಗೆಯನ್ನಾಗಲೀ ನೋಡಲೇ ಇಲ್ಲ.

"ಫ್ಯೂಸ್ ಎಲ್ಲಪ್ಪಾ?"

"ಜಾಕೆಟ್ ಜೇಬಿನಲ್ಲೇ ಇಟ್ಟಿದ್ದೇನೆ ಸಾರ್, ಬದಲಾಯಿಸಲು ಸುಲಭ ಅಂತ."

"ಬ್ಯಾಟರಿಯಿಂದ ಜೇಬಿನ ತನಕ ಬರೋ ವಯರ್ ಸೀಟಿನ ಕೆಳಗೆ ಉಜ್ಜಿ ಚಾಸಿಗೆ ತಾಗಿದರೆ? ನಿನ್ನ ಫ್ಯೂಸ್ ಜೇಬಿನಲ್ಲಿ ಬೆಚ್ಚಗಿರುತ್ತೆ, ಬೈಕ್ ಉರಿದು ಹೋಗುತ್ತೆ."

5 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರ ಹಾಕಬೇಕೆಂಬುದು ಅವರ ಮಾತಿನ ತಾತ್ಪರ್ಯ. ಅಲ್ಲಿಂದ 1 ಚದರ ಮಿಲಿಮೀಟರಿನ ವಯರ್, ಇಗ್ನಿಷನ್ ಕೀ ತೆಗೆದೊಡನೆ ಕಡಿದುಹೋಗುವಂತೆ ಒಂದು ರಿಲೇ, ಸೀಟಿನ ಬಳಿ ಎರಡು ಪಿನ್ನಿನ ಕನೆಕ್ಟರ್. ಕನೆಕ್ಟರ್ ಬಿಗಿ ಲಾಕ್ ಇರುವಂಥದ್ದಾಗಬಾರದು. ಬಿದ್ದಾಗಲೋ, ಮರೆತು ಇಳಿದಾಗಲೋ ತಾನಾಗಿ ಕಳಚಿಕೊಳ್ಳಬೇಕು. ಬಿಸಿ ಹೆಚ್ಚು ಕಡಿಮೆ ಮಾಡಲು 12 ವೋಲ್ಟಿನ ಪಿಡಬ್ಲ್ಯುಎಂ ಕಂಟ್ರೋಲರ್ ಅದೇ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. 5 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಿ. ವಾರಂಟಿ ಇರುವ ಬೈಕಿನ ಮೂಲ ವೈರಿಂಗನ್ನು ಎಲ್ಲಿಯೂ ಕತ್ತರಿಸಬೇಡಿ.

ಧರಿಸುವಾಗ ಒಳಗೊಂದು ತೆಳು ಅಂಗಿ, ಅದರ ಮೇಲೆ ಬಿಸಿ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ ತೂರದ ಕೋಟು. ಬರಿಮೈಗೆ ತಾಗಿಸಿ ಧರಿಸುವುದು ಅಪಾಯ. ಕೈಗೆ ಹಿತವೆನಿಸುವ 44 ಡಿಗ್ರಿ ಶಾಖ ಕೂಡ ಗಂಟೆಗಟ್ಟಲೆ ಒಂದೇ ಕಡೆ ತಾಗಿಕೊಂಡಿದ್ದರೆ ಚರ್ಮವನ್ನು ಸುಡಬಲ್ಲದು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರು ವೈದ್ಯರನ್ನು ಕೇಳದೆ ಇದರ ತಂಟೆಗೆ ಹೋಗಬಾರದು. ಮೊದಲ ಬಾರಿ ಜಾಕೆಟನ್ನು ಕುರ್ಚಿಗೆ ಹಾಕಿ, ಮೇಲೆ ಕೋಟು ಹೊದಿಸಿ, ಎದುರಿಗೇ ಕುಳಿತು ಅರ್ಧ ಗಂಟೆ ಬಿಸಿ ಮಾಡಿ, ಪ್ರತಿ ಸಾಲನ್ನೂ ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ರಸ್ತೆಗೆ ಇಳಿಯಬೇಕು.

ಸಣ್ಣ ಬೈಕ್‌ಗೆ ಪವರ್ ಬ್ಯಾಂಕ್

ಬೈಕಿನಿಂದ ವಿದ್ಯುತ್ ಎಳೆಯಲಾಗದವರಿಗೆ ಮೊಬೈಲಿನ ಪವರ್ ಬ್ಯಾಂಕ್ ಇದೆ. 5 ವೋಲ್ಟಿನ ಕಾರ್ಬನ್ ಫೈಬರ್ ಹೀಟಿಂಗ್ ಪ್ಯಾಡ್‌ಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಇವುಗಳನ್ನು ಹಳೆಯ ಜಾಕೆಟ್ಟಿನ ಬೆನ್ನಿಗೊಂದು, ಎದೆಗೊಂದು ಚೀಲ ಹೊಲಿದು ಇಟ್ಟರಾಯಿತು. ಎರಡೂ ಸೇರಿ 10 ವ್ಯಾಟ್ ಎಳೆದರೆ 10,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು ಮೂರು ಗಂಟೆ ಬರುತ್ತದೆ. ದ್ವಾರಕಾದಿಂದ ನೋಯ್ಡಾಕ್ಕೆ ಹೋಗಿ ಬರಲು ಅಷ್ಟು ಸಾಕು. 40 ವ್ಯಾಟಿನ ಸುಖ ಇದರಲ್ಲಿಲ್ಲ ನಿಜ, ಆದರೆ ಗಾಳಿ ತಡೆಯುವ ಕೋಟಿನೊಳಗೆ 10 ವ್ಯಾಟ್ ಕೂಡ ನಡುಕ ನಿಲ್ಲಿಸುತ್ತದೆ. ಬಿಐಎಸ್ ಗುರುತಿರುವ ಪವರ್ ಬ್ಯಾಂಕನ್ನೇ ಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಬಿಡಿ ಸೆಲ್‌ಗಳನ್ನು ಎದೆಗೆ ಕಟ್ಟಿಕೊಳ್ಳುವ ಸಾಹಸ ಬೇಡವೇ ಬೇಡ. ಎಲೆಕ್ಟ್ರಿಕ್ ಸ್ಕೂಟರ್ ಇರುವವರೂ ಅದರ ದೊಡ್ಡ ಬ್ಯಾಟರಿಗೆ ಕೈ ಹಾಕದೆ ಇದೇ ದಾರಿ ಹಿಡಿಯಲಿ.

ಹೋಳಿ ಕಳೆದ ಮೇಲೆ ಜಾಕೆಟ್ ಒಗೆದಿಡುವಾಗ ವಾಷಿಂಗ್ ಮೆಷಿನ್‌ಗೆ ಹಾಕದೆ, ಕನೆಕ್ಟರ್ ನೆನೆಯದಂತೆ ಕೈಯಲ್ಲೇ ಒಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಿ, ಮಡಚದೆ ಹ್ಯಾಂಗರಿಗೆ ತೂಗುಹಾಕಿ. ಮುಂದಿನ ದೀಪಾವಳಿಗೆ ಹೊರತೆಗೆದಾಗ ಮತ್ತೆ ಮೀಟರ್ ಹಿಡಿಯಿರಿ: 4.5 ಓಮ್ ಇದ್ದರೆ ಧರಿಸಬಹುದು. ಹೆಚ್ಚಾಗಿದ್ದರೆ ಎಲ್ಲೋ ಎಳೆಗಳು ಮುರಿದಿವೆ, ಕಡಿಮೆಯಾಗಿದ್ದರೆ ಎಲ್ಲೋ ಎರಡು ಸಾಲು ತಾಗಿಕೊಂಡಿವೆ ಎಂದರ್ಥ.