ಹಿಟ್ಟಿನ ಹದವೂ ಮೊಬೈಲಿನ ಚಿತ್ರವೂ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಗಾಡಿ ಹೊರಡುವಾಗ, ಅದರಲ್ಲಿ ರಜೆಯ ಮೇಲೆ ಊರಿಗೆ ಹೊರಟ ಅಡುಗೆಯ ಭಟ್ಟರ ಮನಸ್ಸು ಮಾತ್ರ ಹೋಟೆಲಿನ ಹಿಟ್ಟಿನ ಪಾತ್ರೆಯ ಬಳಿಯಲ್ಲಿಯೇ ಉಳಿದಿರುತ್ತದೆಂಬುದು ಈ ವೃತ್ತಿಯವರೆಲ್ಲರೂ ಬಲ್ಲ ಸಂಗತಿ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಊರು ಹತ್ತಿರವಾಯಿತು, ಚಿಂತೆ ದೂರವಾಗಲಿಲ್ಲ.

ಹಿಂದೆ ಅಡುಗೆಮನೆಯಲ್ಲಿ ಇದ್ದವರು ಬಹುಮಟ್ಟಿಗೆ ಒಂದೇ ಸೀಮೆಯವರು. ತುಳುವಿನಲ್ಲಿಯೋ ಕನ್ನಡದಲ್ಲಿಯೋ ಒಂದು ಮಾತು ಗದರಿದರೆ ಕೆಲಸ ಸಾಗುತ್ತಿತ್ತು. ಈಗ ಉಡುಪಿ ಹೋಟೆಲೆಂಬ ಫಲಕದ ಅಡಿಯಲ್ಲಿ ಒಡಿಶಾದ, ಉತ್ತರ ಪ್ರದೇಶದ, ನೇಪಾಳದ ಹುಡುಗರೂ ದುಡಿಯುತ್ತಿದ್ದಾರೆ. 'ಹದ' ಎಂಬ ಎರಡಕ್ಷರದ ಮಾತನ್ನು ಹಿಂದಿಯಲ್ಲಿ ತಿಳಿಸಿ ಹೇಳುವುದು ಪಂಡಿತರಿಗೂ ಸುಲಭವಲ್ಲ!

ಈ ಲೇಖಕನು ಲೆಕ್ಕ ಬರೆಯಲು ಹೋಗುತ್ತಿದ್ದ ಕುರ್ಲಾದ ಒಂದು ಹೋಟೆಲಿನಲ್ಲಿ, ಹಿರಿಯ ಭಟ್ಟರೊಬ್ಬರು ರಜೆಗೆ ಮುನ್ನ ತಮ್ಮ ಕೆಲಸವನ್ನು ಮೊಬೈಲಿನಲ್ಲಿ ಚಿತ್ರಿಸಿಟ್ಟು ಹೋಗುವುದೆಂದು ನಿಶ್ಚಯವಾಯಿತು. ಮೊದಲ ಪ್ರಯತ್ನ ಕೆಟ್ಟಿತು. ಹತ್ತು ನಿಮಿಷದ ಚಿತ್ರ. ಗ್ರೈಂಡರಿನ ಸದ್ದಿನಲ್ಲಿ ಮಾತು ಕೇಳದು. ಕಾಣುತ್ತಿದ್ದುದು ಭಟ್ಟರ ಮುಖ, ಕೈಯಲ್ಲ. ಎರಡನೆಯ ಸಲ ಗ್ರೈಂಡರನ್ನು ನಿಲ್ಲಿಸಿ, ಒಂದು ಕೆಲಸಕ್ಕೆ ಒಂದೇ ನಿಮಿಷದ ಚಿತ್ರವೆಂದು ಗೊತ್ತುಮಾಡಿ, ಕೈಯನ್ನಷ್ಟೇ ತೋರಿಸಿದರು. ಅರೆದ ಉದ್ದಿನ ಹಿಟ್ಟಿನ ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟರು. ಅದು ತೇಲಿತು. ಮುಳುಗಿದರೆ ಇನ್ನೂ ಅರೆಯತಕ್ಕದ್ದು. ಇದಕ್ಕೆ ಯಾವ ಭಾಷೆ ಬೇಕು? ಅಕ್ಕಿ, ಉಪ್ಪುಗಳ ಅಳತೆಯನ್ನು ಮಾತ್ರ ಬಾಯಿಯಿಂದ ಹೇಳಬೇಕಾಯಿತು. ತೂಕ ಕಣ್ಣಿಗೆ ಕಾಣುವುದಿಲ್ಲವಷ್ಟೆ.

ಬೆಳಗಿನ ಜಾವ ನಾಲ್ಕು ಗಂಟೆಗೆ, ಭಟ್ಟರು ರೈಲಿನಲ್ಲಿ ನಿದ್ರಿಸುತ್ತಿದ್ದಾಗ, ಒಡಿಶಾದ ಹುಡುಗನು ಅದನ್ನು ಮೂರು ಸಲ ನೋಡಿಕೊಂಡನು. ಮರುದಿನ ತನ್ನ ಹಿಟ್ಟಿನ ಚಿತ್ರವನ್ನೂ ಕಳುಹಿಸಿದನು. "ನೀರು ಹೆಚ್ಚಾಗಿದೆ" ಎಂದು ಊರಿನಿಂದಲೇ ತಿದ್ದುಪಡಿ ಬಂದಿತು. ಹುಳಿಯ ವಾಸನೆ ಮಾತ್ರ ಚಿತ್ರದಲ್ಲಿ ಬಾರದು.

ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಆರಂಭಿಸಿದ ತರಬೇತಿ ಯೋಜನೆಯಂತೆ, ಪರವಾನಗಿಯುಳ್ಳ ಹೋಟೆಲುಗಳಲ್ಲಿ ಪ್ರತಿ 25 ಕೆಲಸಗಾರರಿಗೆ ತರಬೇತಾದ ಮೇಲ್ವಿಚಾರಕನೊಬ್ಬನಿರಬೇಕು. ಅವನು ಕಲಿತು ಬಂದುದನ್ನು ರಾತ್ರಿಪಾಳಿಯವರಿಗೆ ತಲುಪಿಸಲಿಕ್ಕೂ ಇದೇ ಉಪಾಯ ಒದಗೀತು. ಗೋದಾಮಿನ ಗುಮಾಸ್ತರೂ ಒಡೆದು ಬಂದ ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಮುದ್ರೆ, ನಂಬರುಗಳ ಸಹಿತ ಚಿತ್ರಿಸಿಟ್ಟುಕೊಂಡರೆ ಅರ್ಧ ಪತ್ರವ್ಯವಹಾರ ಉಳಿಯುತ್ತದೆ. ಆದರೆ ಸಹೋದ್ಯೋಗಿಯ ತಪ್ಪನ್ನು ಚಿತ್ರಿಸಿ ಹತ್ತು ಮಂದಿಗೆ ಹಂಚುವುದು ನೀಚತನ.

ಭಟ್ಟರು ಚಿತ್ರಣಕ್ಕೆ ಮುನ್ನ ಕೇಳಿದ್ದರು: "ಮಾರಾಯ್ರೇ, ನನ್ನ ಕೈಯ ವಿದ್ಯೆಯನ್ನೆಲ್ಲ ಈ ಪೆಟ್ಟಿಗೆಗೆ ತುಂಬಿಬಿಟ್ಟರೆ ಧಣಿಗಳಿಗೆ ನಾನು ಏತಕ್ಕೆ ಬೇಕು?" ಅದು ನಿರಾಧಾರವಾದ ಭಯವೆಂದು ನನಗೆ ತೋರಲಿಲ್ಲ. ಚಿತ್ರ ಯಾರ ಕೈ ಸೇರುವುದು, ಕಲಿಸಿದುದಕ್ಕೆ ಕೊಡುವುದೇನು ಎಂಬುದನ್ನು ಮಾಲಿಕರು ಮೊದಲೇ ಹೇಳತಕ್ಕದ್ದು. ಇಲ್ಲಿ, ಹಿಂದಿರುಗಿದೊಡನೆ ಅದೇ ಕೆಲಸ, ಮೇಲಿಷ್ಟು ಸಂಬಳ ಎಂದು ಮಾತಾಗಿತ್ತು. ಕೆಲಸ ದೊರೆಯಿತು; ಸಂಬಳದ ಮಾತು ಇನ್ನೂ ನಡೆಯುತ್ತಿದೆ. ಸಾಂಬಾರು ಪುಡಿಯ ಪ್ರಮಾಣವನ್ನು ಭಟ್ಟರೂ ಇನ್ನೂ ಚಿತ್ರಿಸಿಕೊಟ್ಟಿಲ್ಲ.