ಹಿತ್ತಲ ಸೊಪ್ಪಿಗೆ ಕಂದಾಯ ಬಂದ ಬಗೆ

ಮಾಘ ಮುಗಿದು ಫಾಲ್ಗುಣ ಕಾಲಿಡುವಾಗ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬೇವು, ಹೊಂಗೆ ಮರಗಳು ಎಲೆ ಉದುರಿಸುತ್ತವೆ. ನಾಯಕನಹಟ್ಟಿಯ ತೇರಿನ ಹೊತ್ತಿಗೆ ಅಂಗಳದ ತುಂಬ ತರಗೆಲೆ. ಜೊತೆಗೆ ತೆಂಗಿನ ಗರಿ, ನುಗ್ಗೆಯ ಟೊಂಗೆ, ಕತ್ತರಿಸಿ ಹಾಕಿದ ದಾಸವಾಳದ ರೆಂಬೆ. ನಮ್ಮ ಸಣ್ಣ ಊರುಗಳಲ್ಲಿ ಬೆಳಿಗ್ಗೆ ಬೀದಿಗೆ ಬರುವ ಕಸದ ಗಾಡಿ ಅಡುಗೆಮನೆಯ ಹಸಿ ಕಸ, ಒಣ ಕಸಕ್ಕೆಂದು ಮಾಡಿದ್ದು. ನಾಲ್ಕು ಗರಿ ಹಾಕಿದರೆ ಅದರ ಹೊಟ್ಟೆ ತುಂಬಿತು. ಹೀಗಾಗಿ ಹಿತ್ತಲಿನದು ಹಿತ್ತಲಲ್ಲೇ ಉಳಿಯುತ್ತದೆ. ಆಮೇಲೆ ಮನೆಯವರು ಬಾಡಿಗೆ ಟ್ರ್ಯಾಕ್ಟರ್ ಕರೆದು ದುಡ್ಡು ಕೊಡಬೇಕು, ಇಲ್ಲವೇ ಪಕ್ಕದ ಖಾಲಿ ಸೈಟಿಗೆ ಎಸೆಯಬೇಕು, ಅದೂ ಆಗದಿದ್ದರೆ ಕಡ್ಡಿ ಗೀರಬೇಕು. ಹೆಚ್ಚಿನವರು ಮಾಡುವುದು ಈ ಕೊನೆಯದನ್ನೇ.

ಇದೇ ಸೊಪ್ಪು-ಸದೆಗೆ ಹಿಂದೆ ಬೆಲೆ ಇತ್ತು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನಷ್ಟೇ ಮಳೆ ಬೀಳುವ ಸೀಮೆ ಇದು. ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಸಾರ ತೆಳು. ಶೇಂಗಾ ನಂಬಿ ಬದುಕಿದ ರೈತನಿಗೆ ಗೊಬ್ಬರವೆಂದರೆ ಜೀವ. ಮನೆಗೊಂದು ತಿಪ್ಪೆ ಇತ್ತು. ಸಗಣಿ, ಬೂದಿ, ಗುಡಿಸಿದ ಎಲೆ ಎಲ್ಲವೂ ಅಲ್ಲಿಗೇ. ಬೇಸಿಗೆ ಮುಗಿಯುವ ಮುನ್ನ ಗಾಡಿಗಟ್ಟಲೆ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಸ್ವಂತ ತಿಪ್ಪೆ ಸಾಲದವರು ಕೊಳ್ಳುತ್ತಿದ್ದರು. ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದಕ್ಕೆ ಕುರಿಗಾಹಿಗೆ ಕಾಳು, ಕಾಸು ಕೊಡುತ್ತಿದ್ದರು. ಕೊಂಬೆ-ರೆಂಬೆ ಬಚ್ಚಲ ಒಲೆಗೆ, ಶೇಂಗಾ ಬಳ್ಳಿ ದನಕ್ಕೆ. ಎಣ್ಣೆ ವಹಿವಾಟಿನಲ್ಲಿ ಮುಂಬೈಯ ನಂತರದ ಊರೆಂದು ಹೆಸರಾಗಿದ್ದ ಚಳ್ಳಕೆರೆಯ ಗಿರಣಿಗಳಲ್ಲಿ ಶೇಂಗಾ ಸಿಪ್ಪೆ ಉರುವಲಾಯಿತು, ಹಿಂಡಿ ದನದ ಮೇವಾಯಿತು. ಹೊರಗೆ ಎಸೆಯಲು ಉಳಿಯುತ್ತಿದ್ದದ್ದು ತೀರ ಕಡಿಮೆ.

ಪಟ್ಟಣಗಳ ಕಸವೂ ಆಗ ಮಾರಾಟದ ಮಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನ ಇಂದಿಗೂ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಇದೆ. ಉದ್ದನೆಯ ಗುಂಡಿ ತೋಡಿ, ಒಂದು ಪದರ ಊರ ಕಸ, ಒಂದು ಪದರ ಮಲ ಹಾಕುತ್ತ ಹೋಗಿ, ಮೇಲೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ ಗೊಬ್ಬರ ಸಿದ್ಧ. ದೇಶದ ಎಷ್ಟೋ ಪುರಸಭೆಗಳು ಹೀಗೆ ಮಾಡಿದ ಗೊಬ್ಬರವನ್ನು ರೈತರಿಗೆ ಮಾರಿದವು. ಆಗ ಕಸದಿಂದ ಪುರಸಭೆಗೇ ಆದಾಯ.

ಆದರೆ ಆ ಕಾಲವನ್ನು ಹೊಗಳುವ ಮುನ್ನ ಒಂದು ಮಾತು ಹೇಳಲೇಬೇಕು. ಆ ಗುಂಡಿಗೆ ಮಲ ತಾನಾಗಿ ಬಂದು ಬೀಳಲಿಲ್ಲ. ಕೆಲವೇ ಜಾತಿಗಳ ತಲೆಗಳ ಮೇಲೆ ಅದನ್ನು ಹೊರಿಸಲಾಗಿತ್ತು. ಊರು ಕೊಡದ ದುಡ್ಡನ್ನು ಅವರ ಮೈ ಕೊಟ್ಟಿತು. 1970ರ ದಶಕದಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕನ್ನು ಪರಿಶೀಲಿಸಿ, 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತು. 2011ರ ಜನಗಣತಿಯಲ್ಲಿ ಚಳ್ಳಕೆರೆಯ ಜನಸಂಖ್ಯೆ 55 ಸಾವಿರ ದಾಟಿತ್ತು. ಸಾಲಪ್ಪ ಅವರ ಲೆಕ್ಕದಲ್ಲಿ ಅಷ್ಟು ಜನಕ್ಕೆ 110 ಪೌರಕಾರ್ಮಿಕರು ಬೇಕು. 15 ಸಾವಿರದ ಆಸುಪಾಸಿನ ಮೊಳಕಾಲ್ಮುರಿಗೆ 30. ಅದೂ ಬೀದಿ, ಚರಂಡಿ, ಮನೆಯ ಕಸಕ್ಕಷ್ಟೆ. ಮರ ಸವರಿದ ರಾಶಿ ಎತ್ತುವ ಕೆಲಸವನ್ನು ಈ ಲೆಕ್ಕಕ್ಕೆ ಯಾರೂ ಸೇರಿಸಿಲ್ಲ.

ಸೊಪ್ಪು ಬೆಲೆ ಕಳೆದುಕೊಂಡದ್ದು ಒಂದೇ ದಿನದಲ್ಲಲ್ಲ. ಮೂಟೆಯಲ್ಲಿ ಯೂರಿಯಾ ಬಂತು. ಗ್ಯಾಸ್ ಬಂದು ಒಲೆ ಆರಿತು, ಕೊಂಬೆಗೆ ಗಿರಾಕಿ ಇಲ್ಲವಾಯಿತು. ಪೇಟೆಯ ಮನೆಗಳಲ್ಲಿ ದನದ ಕೊಟ್ಟಿಗೆ ಹೋಗಿ ಬೈಕ್ ನಿಂತಿತು. 30-40 ಅಡಿ ಸೈಟಿನ ಬಡಾವಣೆಯಲ್ಲಿ ತಿಪ್ಪೆಗೆ ಜಾಗವೆಲ್ಲಿ? ಎಲ್ಲಕ್ಕಿಂತ ದೊಡ್ಡ ಪೆಟ್ಟು ಪ್ಲಾಸ್ಟಿಕ್ಕಿನದು. ಕವರು, ಗಾಜು, ಬ್ಲೇಡು ಬೆರೆತ ಗೊಬ್ಬರವನ್ನು ಪುಕ್ಕಟೆ ಕೊಟ್ಟರೂ ರೈತ ಬೇಡವೆಂದ. ಅಲ್ಲಿಗೆ ಪುರಸಭೆಯ ಆದಾಯ ಖರ್ಚಾಗಿ ತಿರುಗಿತು.

ಆ ಕಸದ ಹೊಣೆ ಯಾರದು ಎಂಬ ಪ್ರಶ್ನೆ ದೆಹಲಿ ಮುಟ್ಟಿದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರಿಂದ. ಊರ ಹೊರಗೆ ಕಸ ಸುರಿಯುವುದರ ವಿರುದ್ಧ ಅವರು 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರ ಫಲವಾಗಿ 2000ದಲ್ಲಿ ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. 2016ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಮಗಳು ಹಿತ್ತಲಿನವರೆಗೂ ಕೈ ಚಾಚಿದವು. ತೋಟದ ಕಸವನ್ನು ಮನೆಯವರು ತಮ್ಮ ಆವರಣದಲ್ಲೇ ಬೇರೆಯಾಗಿ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕಿತ್ತು. ಬೀದಿಯಲ್ಲಿ ಸುಡುವಂತಿರಲಿಲ್ಲ, ಚರಂಡಿಗೆ ತಳ್ಳುವಂತಿರಲಿಲ್ಲ. ಉಪವಿಧಿಯಲ್ಲಿ ಗೊತ್ತುಮಾಡಿದ ಬಳಕೆದಾರರ ಶುಲ್ಕ ಕಟ್ಟಬೇಕಿತ್ತು. ಸ್ಥಳೀಯ ಸಂಸ್ಥೆಗೂ ಅಲ್ಲಿ ಕರ್ತವ್ಯವಿತ್ತು: ತೋಟ, ಉದ್ಯಾನದ ಕಸವನ್ನು ಬೇರೆಯಾಗಿಯೇ ಸಂಗ್ರಹಿಸಬೇಕು, ಆದಷ್ಟೂ ಉದ್ಯಾನಗಳಲ್ಲೇ ಗೊಬ್ಬರ ಮಾಡಬೇಕು. ಈ ಎರಡನೆಯ ಭಾಗವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ.

‘ಕಂದಾಯ ಕಟ್ಟುತ್ತೇವಲ್ಲ, ಮತ್ತೆ ಕಸಕ್ಕೆ ಯಾಕೆ?’ ಎನ್ನುವವರ ಸಿಟ್ಟು ಸಹಜ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಗೆಂದು ಸಾಲು ನಿಂತು ಕಟ್ಟುವ ಕಂದಾಯದ ಮೇಲೆ ಆಗಲೇ ಕೆಲವು ಉಪಕರಗಳಿವೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಇವುಗಳಲ್ಲಿ ಯಾವುದೂ ಮನೆಯ ಮುಂದಿನ ರಾಶಿ ಎತ್ತಲೆಂದು ಇಟ್ಟ ದುಡ್ಡಲ್ಲ. ಸಾರ್ವಜನಿಕ ಬೀದಿ ಗುಡಿಸುವುದು ಸ್ಥಳೀಯ ಸಂಸ್ಥೆಯ ಕಡ್ಡಾಯ ಕೆಲಸ. ಕಾಂಪೌಂಡಿನ ಒಳಗಿನ ಮರ ನಮ್ಮದು. ಲೋಕದ ಬೇರೆ ಕಡೆಯೂ ಗೆರೆ ಎಳೆದಿರುವುದು ಇಲ್ಲಿಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ 2014ರಲ್ಲಿ ತೋಟದ ಕಸಕ್ಕೆ ಮಾತ್ರ ವರ್ಷಕ್ಕೆ 35 ಪೌಂಡ್ ಕೇಳತೊಡಗಿತು. ಬೆಂಗಳೂರು 2025ರ ಏಪ್ರಿಲ್‌ನಿಂದ ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕ ನಿಗದಿ ಮಾಡಿತು.

ದುಡ್ಡು ಕೇಳುವುದು ತಪ್ಪಲ್ಲ ಎಂದೇ ನನ್ನ ನಂಬಿಕೆ. ದುಡಿದವರಿಗೆ ಕೂಲಿ ಸಲ್ಲಬೇಕು ಎಂಬುದು ಈ ನೆಲಕ್ಕೆ ಹೊಸದೂ ಅಲ್ಲ. ಕೆರೆ ಕಟ್ಟಿಸುವಾಗ ಪ್ರತಿಯೊಬ್ಬ ಕೂಲಿಯವನಿಗೂ ಅವನ ದುಡಿಮೆಗೆ ತಕ್ಕಷ್ಟೇ ಹಣ ಸಿಗುವಂತೆ ನೋಡಿಕೊಂಡರೆಂಬ ಐತಿಹ್ಯವಿರುವ ಸಂತ ತಿಪ್ಪೇರುದ್ರಸ್ವಾಮಿಯ ಊರು ನಾಯಕನಹಟ್ಟಿ ಚಳ್ಳಕೆರೆ ತಾಲ್ಲೂಕಿನಲ್ಲೇ ಇದೆ. ತಪ್ಪಾಗುವುದು ಎಲ್ಲೆಂದರೆ, ದುಡ್ಡು ತೆಗೆದುಕೊಂಡು ಒಯ್ದ ಸೊಪ್ಪನ್ನು ಮತ್ತೆ ಪ್ಲಾಸ್ಟಿಕ್ ರಾಶಿಯ ಮೇಲೆಯೇ ಸುರಿದಾಗ. ಆಗ ನಾವು ಗೊಬ್ಬರವನ್ನು ಹಣ ಕೊಟ್ಟು ಹಾಳುಮಾಡಿಸಿದಂತೆ. ಊರಾಚೆ ಎರಡು ಮೈಲಿ ನಡೆದರೆ ಸಾವಯವ ಅಂಶ ಬತ್ತಿದ ಶೇಂಗಾ ಹೊಲ ಕಾಣುವ ಜಾಗದಲ್ಲಿ ಇದು ಸಣ್ಣ ನಷ್ಟವಲ್ಲ. ‘ಬೆಂಗಳೂರು ವಿಧಾನ’ ಹುಟ್ಟಿದ ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಮಲವಿಲ್ಲದೆ, ಬರೀ ಎಲೆ-ಕೊಂಬೆಯಿಂದ, ಇಷ್ಟು ಕಡಿಮೆ ನೀರಿನಲ್ಲಿ ಗೊಬ್ಬರ ಮಾಗಿಸುವ ಬಗೆಯನ್ನು ಕೇಳಲು ನಗರಸಭೆ ದೂರ ಹೋಗಬೇಕಿಲ್ಲ.

ಬೇಕಾದದ್ದೂ ದೊಡ್ಡದೇನಲ್ಲ. ಎಲೆ ಉದುರುವ ಮೂರು ತಿಂಗಳು, ವಾರ್ಡಿಗೆ ವಾರದಲ್ಲಿ ಒಂದು ದಿನ, ಸೊಪ್ಪಿಗೆಂದೇ ಒಂದು ಟ್ರ್ಯಾಕ್ಟರ್ ಬರಲಿ. ಲೋಡಿಗೆ ಇಷ್ಟು ಎಂಬ ದರ ಕಚೇರಿಯ ಗೋಡೆಯ ಮೇಲೆ ಕಾಣಲಿ, ಕಟ್ಟಿದ ದುಡ್ಡಿಗೆ ರಸೀದಿ ಸಿಗಲಿ. ಎತ್ತಿ ಹಾಕಿದ ಪೌರಕಾರ್ಮಿಕರಿಗೆ ಹೆಚ್ಚುವರಿ ಕೆಲಸದ ಕೂಲಿ ಆ ದುಡ್ಡಿನಿಂದಲೇ ಮೊದಲು ಸಲ್ಲಲಿ. ಮಾಗಿದ ಗೊಬ್ಬರವನ್ನು ಗಾಡಿ ತಂದ ರೈತರಿಗೆ ಕೊಡಲಿ. ಮೊಳಕಾಲ್ಮುರಿನಂಥ ಪುಟ್ಟ ಪಟ್ಟಣ ಪಂಚಾಯಿತಿಗೆ ಇದನ್ನು ಮೊದಲು ಮಾಡಿ ತೋರಿಸುವುದು ಸುಲಭ. ಅಲ್ಲಿ ಊರಿನ ಕೊನೆಯ ಮನೆಗೂ ಮೊದಲ ಹೊಲಕ್ಕೂ ನಡುವೆ ದೂರ ಕಡಿಮೆ.