ಬೆಕ್ಕಿನ ಮರಿಯೂ ಮನೆಯ ಹೊಸ್ತಿಲೂ

ಶರಣಾಗತಿಯನ್ನು ವಿವರಿಸುವಾಗ ನಮ್ಮ ವೇದಾಂತಿಗಳು ಎರಡು ದೃಷ್ಟಾಂತಗಳನ್ನು ಕೊಡುವುದುಂಟು. ಕೋತಿಯ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕತ್ತಿನಲ್ಲಿ ಕಚ್ಚಿಕೊಂಡು ಬೇಕಾದೆಡೆಗೆ ಒಯ್ಯುತ್ತದೆ. ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ಇವಕ್ಕೆ ಹೆಸರು. ಎರಡನೆಯದರ ಲೌಕಿಕಾರ್ಥವಷ್ಟೇ ಇಂದು ನಮಗೆ ಸಾಕು. ಮರಿಯೊಂದನ್ನು ತಾಯಿಯಿಂದ ಅಗಲಿಸಿ ಮನೆಗೆ ತಂದವರು ಆ ತಾಯಿಯ ಸ್ಥಾನದಲ್ಲಿ ನಿಂತಂತಾಯಿತು. ಅದನ್ನು ಹೊಸ್ತಿಲಿನಾಚೆಗೆ ಎಂದು ಬಿಡಬೇಕೆಂಬುದನ್ನು ನಿರ್ಣಯಿಸುವ ಹೊಣೆ ಅವರದೇ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ಹಿರಿಯರು ಹೇಳುವರು. ಏಳೆಂಬ ಸಂಖ್ಯೆಯನ್ನು ಹಾಗಿರಲಿ ಎಂದು ಬಿಟ್ಟರೂ, ಅಪಾಯದ ಸುಳಿವು ತಿಳಿದೊಡನೆ ತಾಯಿ ಠಾವು ಬದಲಿಸುವುದಂತೂ ನಿಜ. ಅಷ್ಟು ಎಚ್ಚರಿಕೆ ಏಕೆಂಬುದು ಮರಿಯ ಬೆಳವಣಿಗೆಯನ್ನು ನೋಡಿದರೆ ತಿಳಿಯುತ್ತದೆ. ಹುಟ್ಟಿದ ಮರಿ ಕುರುಡು. ಏಳರಿಂದ ಹದಿನಾಲ್ಕು ದಿನಗಳೊಳಗೆ ಕಣ್ಣು ತೆರೆಯುತ್ತದೆ. ನಾಲ್ಕನೆಯ ವಾರದ ಸುಮಾರಿಗೆ ಗಟ್ಟಿ ಆಹಾರಕ್ಕೆ ಬಾಯಿಡುತ್ತದೆ. ಎಂಟನೆಯ ವಾರದ ಹೊತ್ತಿಗೆ ತಾಯಿಯ ಹಾಲನ್ನು ಬಿಟ್ಟು, ಓಡುತ್ತ, ನೆಗೆಯುತ್ತ, ಪರದೆಯನ್ನೇರುತ್ತ ಮನೆಯವರನ್ನು ನಗಿಸುತ್ತದೆ. “ಇನ್ನೇನು, ದೊಡ್ಡದಾಯಿತು, ಹೊರಗೆ ಆಡಿಕೊಳ್ಳಲಿ” ಎಂದು ನಾವು ಬಾಗಿಲು ತೆರೆಯುವುದು ಈ ಹಂತದಲ್ಲಿಯೇ. ಆದರೆ ಓಡಬಲ್ಲುದೆಂಬುದು ಬೇರೆ, ಅಪಾಯವನ್ನು ಅರಿಯಬಲ್ಲುದೆಂಬುದು ಬೇರೆ.

ಮೊದಲನೆಯ ವಿಚಾರ ರೋಗದ್ದು. ಹುಟ್ಟಿದೊಡನೆ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಈ ಶಕ್ತಿ ವಾರಗಳು ಕಳೆದಂತೆ ಕುಗ್ಗುತ್ತದೆ. ಆದರೆ ಎಲ್ಲ ಮರಿಗಳಲ್ಲಿಯೂ ಒಂದೇ ದಿನ ಮುಗಿಯುವುದಿಲ್ಲ. ಅದು ಇರುವವರೆಗೆ ಚುಚ್ಚುಮದ್ದಿನ ಗುಣವನ್ನೂ ತಡೆಯುತ್ತದೆ. ಆದ್ದರಿಂದಲೇ ಪಶುವೈದ್ಯರು ಆರರಿಂದ ಎಂಟು ವಾರಗಳಲ್ಲಿ ಮೊದಲ ಚುಚ್ಚುಮದ್ದನ್ನು ಕೊಟ್ಟು, ಮೂರು ನಾಲ್ಕು ವಾರಗಳಿಗೊಮ್ಮೆ ಅದನ್ನೇ ಮತ್ತೆ ಕೊಡುತ್ತ, 16 ವಾರ ತುಂಬಿದ ಮೇಲೆ ಕೊನೆಯದನ್ನು ಹಾಕುತ್ತಾರೆ. ಒಂದು ಸಲ ಹಾಕಿಸಿದರೆ ಸಾಲದೆ ಎಂದು ಕೇಳುವವರಿಗೆ ಇದೇ ಉತ್ತರ. ಪ್ಯಾನ್‌ಲ್ಯೂಕೊಪೀನಿಯ ಎಂಬ ಘೋರ ವಾಂತಿಭೇದಿಯ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲುದು. ರೋಗಿಷ್ಠ ಬೆಕ್ಕು ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಅಂಗಳ ನಿರಪಾಯವೆನ್ನುವಂತಿಲ್ಲ.

ಎರಡನೆಯದು ರೇಬೀಸ್. ಇದು ಮರಿಯ ಪ್ರಾಣಕ್ಕೆ ಮಾತ್ರವಲ್ಲ, ಅದರೊಡನೆ ಆಡುವ ಮಕ್ಕಳ ಪ್ರಾಣಕ್ಕೂ ಸಂಬಂಧಿಸಿದ ಮಾತು. ಬೀದಿನಾಯಿ ಕಚ್ಚಿದ ಬೆಕ್ಕೂ ಈ ರೋಗವನ್ನು ಹರಡಬಲ್ಲುದು. ರೋಗಲಕ್ಷಣ ತೋರಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮೂರು ತಿಂಗಳು ತುಂಬಿದ ಮರಿಗೆ ಇದರ ಚುಚ್ಚುಮದ್ದನ್ನು ಹಾಕಿಸಿ, ಆ ಮೇಲೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮುಂದುವರಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಮೂರನೆಯದು ಸಂತಾನದ ಪ್ರಶ್ನೆ. ಹೆಣ್ಣುಮರಿ ನಾಲ್ಕನೆಯ ತಿಂಗಳಲ್ಲಿಯೇ ಬೆದೆಗೆ ಬರಬಹುದು. ಗರ್ಭಕಾಲ ಸುಮಾರು ಒಂಬತ್ತು ವಾರ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದೆ ಹೊರಗೆ ಬಿಟ್ಟ ಮರಿ ತಾನೇ ಮರಿಯಾಗಿರುವಾಗ ತಾಯಿಯಾಗಿ ಹಿಂದಿರುಗುತ್ತದೆ. ಗಂಡಾದರೆ ಊರೆಲ್ಲ ಅಲೆದು ಕಾದಾಡಿ ಗಾಯಗೊಳ್ಳುತ್ತದೆ.

ಈ ಮೂರನ್ನೂ ಕೂಡಿಸಿ ನೋಡಿದರೆ, ಐದಾರು ತಿಂಗಳು ತುಂಬುವ ಮೊದಲು ಮರಿಯನ್ನು ಸ್ವೇಚ್ಛೆಯಾಗಿ ಹೊರಗೆ ಬಿಡುವುದು ಯುಕ್ತವಲ್ಲವೆಂದು ತಿಳಿಯುತ್ತದೆ. ಆದರೆ ಕಾಲದೊಡನೆ ದೇಶವನ್ನೂ ನೋಡಬೇಕಷ್ಟೆ. ರಾಯಚೂರಿನ ಕೋಟೆಯ ಸುತ್ತಣ ಓಣಿಗಳಲ್ಲಿ ನಾಯಿಗಳ ಹಿಂಡು, ವಾಹನಗಳ ಭರಾಟೆ. ಅಲ್ಲಿ ಮಾಳಿಗೆಯೂ ಒಳ ಅಂಗಳವುಳ್ಳ ಮನೆಯೂ ಬೆಕ್ಕಿಗೆ ಸಾಕಷ್ಟು ದೊಡ್ಡ ಪ್ರಪಂಚ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬತ್ತ ಬೆಳೆಯುವ ಮಾನ್ವಿಯ ಕಡೆಯಲ್ಲಿಯೂ, ಕೃಷ್ಣೆಯ ದಡದ ದೇವದುರ್ಗದ ಹೊಲಗಳಲ್ಲಿಯೂ ಅಪಾಯದ ರೂಪ ಬೇರೆ. ಇಲಿಯಿದ್ದಲ್ಲಿ ಹಾವುಂಟು, ಇಲಿಗಿಟ್ಟ ವಿಷವೂ ಉಂಟು. ಜಿಂಕ್ ಫಾಸ್ಫೈಡ್ ತಿಂದು ಸತ್ತ ಇಲಿಯನ್ನು ಬೆಕ್ಕು ತಿಂದರೆ ಅದರ ಪ್ರಾಣಕ್ಕೂ ಸಂಚಕಾರ. ಮರಿಯನ್ನು ಬಿಡುವ ಮುನ್ನ ನೆರೆಹೊರೆಯವರಲ್ಲಿ ವಿಷವಿಟ್ಟಿರುವರೇ ಎಂದು ವಿಚಾರಿಸುವುದು ಲೇಸು. ಇನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಕಾದ ಗಚ್ಚಿನ ಮೇಲೆ ಎಳೆಯ ಪಾದ ಸುಡುತ್ತದೆ. ಬೆಕ್ಕು ಬಾಯಿ ತೆರೆದು ಏದುತ್ತಿದ್ದರೆ ಅದು ಆಟದ ದಣಿವೆಂದು ಭಾವಿಸದೆ ನೆರಳಿಗೆ ತಂದು, ತಣ್ಣೀರಿನಿಂದ ಮೈ ತೋಯಿಸಿ, ವೈದ್ಯರಿಗೆ ತೋರಿಸಬೇಕು.

ಬಿಡುವ ಕ್ರಮ ಸುಲಭವಾದುದು. ಹೊಸ ಮನೆಗೆ ಬಂದ ಮರಿ ಎರಡು ಮೂರು ವಾರವಾದರೂ ಒಳಗೇ ಇದ್ದು ಮನೆಯ ವಾಸನೆಯನ್ನೂ ನಿಮ್ಮ ಕರೆಯನ್ನೂ ಕಲಿಯಲಿ. ತಟ್ಟೆಯ ಸದ್ದು ಕೇಳಿ ಓಡಿ ಬರುವ ಅಭ್ಯಾಸವಾದ ಮೇಲೆ, ಒಂದು ಬೆಳಗ್ಗೆ, ಊಟಕ್ಕೆ ಮೊದಲು ಬಾಗಿಲು ತೆರೆಯಿರಿ. ಎತ್ತಿಕೊಂಡು ಹೋಗಿ ಬೀದಿಯಲ್ಲಿ ಇಳಿಸಬಾರದು. ತಾನೇ ಮೂಸುತ್ತ ನಡೆದ ದಾರಿಯಲ್ಲಿ ಹಿಂದಿರುಗುವುದು ಅದಕ್ಕೆ ಸುಲಭ. ಹತ್ತು ನಿಮಿಷ ನೀವೂ ಜತೆಗಿದ್ದು, ಕರೆದು ಉಣಿಸಿ, ಬಾಗಿಲು ಮುಚ್ಚಿರಿ. ದಿನದಿನಕ್ಕೆ ಈ ಅವಧಿಯನ್ನು ಹೆಚ್ಚಿಸಬಹುದು. ರಾತ್ರಿ ಮಾತ್ರ ಬೆಕ್ಕು ಒಳಗೇ ಇರಲಿ.

ಹೊರಗೆ ಬಿಡಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಆಟಕ್ಕೆ ಒಂದು ದಾರದುಂಡೆ, ಏರಲು ಎತ್ತರದ ಹಲಗೆ, ನೋಡಲು ಜಾಲಂದ್ರದ ಕಿಟಕಿ ಇದ್ದರೆ ಮನೆಯೊಳಗೇ ಬೆಕ್ಕು ಸುಖವಾಗಿ ಬಾಳಬಲ್ಲುದು. ಇರುವ ಓಣಿ ಎಂಥದೆಂಬುದನ್ನು ನೋಡಿ ಪ್ರತಿಯೊಬ್ಬ ಗೃಹಸ್ಥರೂ ಇದನ್ನು ತಾವೇ ತೀರ್ಮಾನಿಸಬೇಕು. ಮರಿ ಬಾಗಿಲಲ್ಲಿ ಕುಳಿತು ಕೂಗಿತೆಂಬುದೊಂದೇ ಆ ತೀರ್ಮಾನಕ್ಕೆ ಕಾರಣವಾಗದಿರಲಿ.